ಗರ್ಭಧಾರಣೆಯ ಆರಂಭಿಕ ಲಕ್ಷಣಗಳು

ಗರ್ಭಧಾರಣೆಯ ಆರಂಭಿಕ ಲಕ್ಷಣಗಳು ಎಂದರೆ ಗರ್ಭ ನಿಂತ ನಂತರದ ಮೊದಲ ಕೆಲವು ವಾರಗಳಲ್ಲಿ ಸ್ತ್ರೀಯ ದೇಹದಲ್ಲಿ ಕಂಡುಬರುವ ಬದಲಾವಣೆಗಳು. ಮುಟ್ಟು ನಿಲ್ಲುವುದು, ವಾಕರಿಕೆ, ಸ್ತನಗಳಲ್ಲಿ ನೋವು, ಆಯಾಸ ಮತ್ತು ಪದೇ ಪದೇ ಮೂತ್ರವಿಸರ್ಜನೆ ಇವುಗಳಲ್ಲಿ ಪ್ರಮುಖವಾದವು. ಇವು ಗರ್ಭದ ಸೂಚನೆಗಳೇ ಹೊರತು ಖಚಿತ ಪುರಾವೆಗಳಲ್ಲ. ಇತರ ಕಾರಣಗಳಿಂದಲೂ ಇವು ಉಂಟಾಗಬಹುದು. ಕೆಲವು ಗರ್ಭಿಣಿಯರಲ್ಲಿ ಇವು ಸ್ಪಷ್ಟವಾಗಿ ಕಾಣಿಸದೆಯೂ ಇರಬಹುದು. ಆದ್ದರಿಂದ ಗರ್ಭವನ್ನು ದೃಢಪಡಿಸಲು ಪರೀಕ್ಷೆ ಅಗತ್ಯ.

ಕಾಲಗಣನೆ ಮತ್ತು ಕಾರಣ

ಗರ್ಭದ ಅವಧಿಯನ್ನು ಕೊನೆಯ ಮುಟ್ಟಿನ ಮೊದಲ ದಿನದಿಂದ ಎಣಿಸುವುದು ವೈದ್ಯಕೀಯ ರೂಢಿ. 28 ದಿನಗಳ ಋತುಚಕ್ರವಿರುವ ಸ್ತ್ರೀಯಲ್ಲಿ ಅಂಡವು ಸಾಮಾನ್ಯವಾಗಿ 14ನೆಯ ದಿನದ ಆಸುಪಾಸಿನಲ್ಲಿ ಬಿಡುಗಡೆಯಾಗುತ್ತದೆ. ಹೀಗಾಗಿ ಮುಟ್ಟು ತಪ್ಪಿದ ದಿನದಂದು ಫಲೀಕರಣವಾಗಿ ಸುಮಾರು ಎರಡು ವಾರಗಳಷ್ಟೇ ಕಳೆದಿದ್ದರೂ ಗರ್ಭಕ್ಕೆ 4 ವಾರಗಳೆಂದು ಲೆಕ್ಕಹಾಕಲಾಗುತ್ತದೆ.

ಫಲಿತ ಅಂಡವು ಸುಮಾರು 6ರಿಂದ 10 ದಿನಗಳಲ್ಲಿ ಗರ್ಭಕೋಶದ ಒಳಪದರಕ್ಕೆ ಅಂಟಿಕೊಳ್ಳುತ್ತದೆ. ಆಗ ಅದರ ಹೊರಗಿನ ಜೀವಕೋಶಗಳಿಂದ ಹ್ಯೂಮನ್ ಕೋರಿಯಾನಿಕ್ ಗೊನಾಡೊಟ್ರೋಪಿನ್ (ಎಚ್‌ಸಿಜಿ) ಎಂಬ ಹಾರ್ಮೋನು ತಾಯಿಯ ರಕ್ತವನ್ನು ಸೇರುತ್ತದೆ. ಈ ಹಾರ್ಮೋನಿನ ಪ್ರಭಾವದಿಂದ ಅಂಡಾಶಯವು ಪ್ರೊಜೆಸ್ಟರಾನ್ ಉತ್ಪಾದನೆಯನ್ನು ಮುಂದುವರಿಸುತ್ತದೆ. ಗರ್ಭಕೋಶದ ಒಳಪದರವು ಕಳಚದೆ ಉಳಿದು ಮುಟ್ಟು ನಿಲ್ಲುತ್ತದೆ. ಆರಂಭಿಕ ಲಕ್ಷಣಗಳಲ್ಲಿ ಬಹುತೇಕವು ಹಾರ್ಮೋನುಗಳ ಈ ಏರಿಕೆಯ ಪರಿಣಾಮಗಳು.

ಪ್ರಮುಖ ಲಕ್ಷಣಗಳು

* ಮುಟ್ಟು ತಪ್ಪುವುದು: ಋತುಚಕ್ರ ಕ್ರಮಬದ್ಧವಾಗಿರುವವರಲ್ಲಿ ಇದು ಹೆಚ್ಚು ವಿಶ್ವಾಸಾರ್ಹವಾದ ಮೊದಲ ಸೂಚನೆ. ಚಕ್ರ ಏರುಪೇರಾಗಿರುವವರಲ್ಲಿ ಮತ್ತು ಎದೆಹಾಲುಣಿಸುತ್ತಿರುವವರಲ್ಲಿ ಇದನ್ನು ಗುರುತಿಸುವುದು ಕಷ್ಟ.
* ಅಲ್ಪ ರಕ್ತಸ್ರಾವ: ಮುಟ್ಟಿನ ದಿನ ಸಮೀಪಿಸುವ ವೇಳೆಗೆ ಕೆಲವರಲ್ಲಿ ಕಲೆಯಷ್ಟು ರಕ್ತ ಕಾಣಿಸುತ್ತದೆ. ಇದನ್ನು ಮುಟ್ಟೆಂದೇ ಭಾವಿಸಿದರೆ ದಿನಗಳ ಲೆಕ್ಕ ತಪ್ಪುವ ಸಾಧ್ಯತೆಯಿದೆ.
* ವಾಕರಿಕೆ ಮತ್ತು ವಾಂತಿ: ಸಾಮಾನ್ಯವಾಗಿ 4ರಿಂದ 6ನೆಯ ವಾರದಲ್ಲಿ ಆರಂಭವಾಗಿ 9ನೆಯ ವಾರದ ಸುಮಾರಿಗೆ ತೀವ್ರಗೊಂಡು, ಅನಂತರ ಕ್ರಮೇಣ ತಗ್ಗುತ್ತದೆ. ಬೆಳಗಿನ ಹೊತ್ತು ಹೆಚ್ಚೆಂಬ ನಂಬಿಕೆಯಿದ್ದರೂ ದಿನದ ಯಾವ ಸಮಯದಲ್ಲಾದರೂ ಬರಬಹುದು.
* ಸ್ತನಗಳಲ್ಲಿ ಬದಲಾವಣೆ: ಸ್ತನಗಳು ಭಾರವಾಗಿ, ಮುಟ್ಟಿದರೆ ನೋಯುತ್ತವೆ. ಕೆಲವು ವಾರಗಳಲ್ಲಿ ತೊಟ್ಟಿನ ಸುತ್ತಲಿನ ಚರ್ಮ ಕಪ್ಪಾಗತೊಡಗುತ್ತದೆ.
* ಆಯಾಸ ಮತ್ತು ನಿದ್ರೆ: ಪ್ರೊಜೆಸ್ಟರಾನ್ ಹೆಚ್ಚಳ ಇದಕ್ಕೆ ಒಂದು ಕಾರಣ.
* ಪದೇ ಪದೇ ಮೂತ್ರವಿಸರ್ಜನೆ: ಮೂತ್ರಪಿಂಡಗಳಿಗೆ ರಕ್ತಸಂಚಾರ ಹೆಚ್ಚುವುದರಿಂದ ಉಂಟಾಗುತ್ತದೆ. ಉರಿ ಅಥವಾ ಜ್ವರ ಜೊತೆಗಿದ್ದರೆ ಅದು ಸೋಂಕಿನ ಲಕ್ಷಣವಾಗಿರಬಹುದು.
* ಬಯಕೆ: ಕೆಲವು ತಿನಿಸುಗಳ ಮೇಲೆ ಆಸೆ, ಕೆಲವು ವಾಸನೆಗಳ ಬಗ್ಗೆ ಹೇಸಿಕೆ ಮೂಡುತ್ತದೆ. ಮಣ್ಣು, ಸೀಮೆಸುಣ್ಣ, ಹಸಿ ಅಕ್ಕಿ ತಿನ್ನುವ ಆಸೆಯು ಕಬ್ಬಿಣಾಂಶದ ಕೊರತೆಯೊಂದಿಗೆ ಕಂಡುಬರುವುದುಂಟು.

ಮಗುವಿನ ಚಲನೆ ತಾಯಿಗೆ ತಿಳಿಯುವುದು ಆರಂಭಿಕ ಲಕ್ಷಣವಲ್ಲ. ಮೊದಲ ಬಸಿರಿನಲ್ಲಿ ಅದು ಸಾಮಾನ್ಯವಾಗಿ 18ರಿಂದ 20ನೆಯ ವಾರದಲ್ಲಿ ಅನುಭವಕ್ಕೆ ಬರುತ್ತದೆ.

ಇದೇ ಲಕ್ಷಣಗಳಿಗೆ ಇತರ ಕಾರಣಗಳು

ಮಾನಸಿಕ ಒತ್ತಡ, ತೂಕದಲ್ಲಿ ಹಠಾತ್ ಏರಿಳಿತ, ಥೈರಾಯ್ಡ್ ತೊಂದರೆ, ಪಾಲಿಸಿಸ್ಟಿಕ್ ಓವರಿ ಸಿಂಡ್ರೋಮ್ (ಪಿಸಿಒಎಸ್) ಮತ್ತು ಋತುಬಂಧದ ಸಾಮೀಪ್ಯಗಳಿಂದಲೂ ಮುಟ್ಟು ತಪ್ಪಬಹುದು. ಮುಟ್ಟಿಗೆ ಮುಂಚಿನ ದಿನಗಳಲ್ಲಿ ಕಾಣುವ ಸ್ತನದ ನೋವು ಮತ್ತು ಆಯಾಸ ಗರ್ಭದ ಲಕ್ಷಣಗಳನ್ನೇ ಹೋಲುತ್ತವೆ. ಋತುಬಂಧ ಹತ್ತಿರವಾಗಿದೆ ಎಂಬ ಊಹೆಯಿಂದ ಹಿರಿಯ ವಯಸ್ಸಿನ ಗರ್ಭವನ್ನು ಗಮನಿಸದಿರುವ ಸಂದರ್ಭಗಳೂ ಇವೆ.

ದೃಢೀಕರಣ

ಮನೆಯಲ್ಲಿ ಬಳಸುವ ಕಿಟ್‌ಗಳು ಮೂತ್ರದಲ್ಲಿರುವ ಎಚ್‌ಸಿಜಿಯನ್ನು ಗುರುತಿಸುತ್ತವೆ. ಮುಟ್ಟು ತಪ್ಪಿದ ದಿನದಿಂದ ಈ ಪರೀಕ್ಷೆ ಮಾಡಬಹುದು. ಬೆಳಗಿನ ಮೊದಲ ಮೂತ್ರದಲ್ಲಿ ಹಾರ್ಮೋನಿನ ಸಾಂದ್ರತೆ ಹೆಚ್ಚಿರುತ್ತದೆ. ತೀರಾ ಬೇಗ ಪರೀಕ್ಷಿಸಿದರೆ ಗರ್ಭವಿದ್ದರೂ ಫಲಿತಾಂಶ 'ಇಲ್ಲ' ಎಂದು ಬರಬಹುದು. ಅನಂತರವೂ ಮುಟ್ಟಾಗದಿದ್ದರೆ ಒಂದು ವಾರದ ಬಳಿಕ ಪರೀಕ್ಷೆಯನ್ನು ಪುನಃ ಮಾಡಬೇಕು. ಭಾರತದಲ್ಲಿ 'ನಿಶ್ಚಯ್' ಎಂಬ ಹೆಸರಿನ ಸರ್ಕಾರಿ ಕಿಟ್‌ಗಳನ್ನು ಆಶಾ ಕಾರ್ಯಕರ್ತೆಯರ ಮೂಲಕ ಒದಗಿಸಲಾಗುತ್ತದೆ.

ಯೋನಿಮಾರ್ಗದ ಅಲ್ಟ್ರಾಸೌಂಡ್ ಸ್ಕ್ಯಾನ್‌ನಲ್ಲಿ ಸುಮಾರು 5ನೆಯ ವಾರದಲ್ಲಿ ಗರ್ಭಚೀಲವೂ 6ನೆಯ ವಾರದ ಸುಮಾರಿಗೆ ಭ್ರೂಣದ ಹೃದಯ ಬಡಿತವೂ ಕಾಣುತ್ತವೆ. ಗರ್ಭವು ಸರಿಯಾದ ಸ್ಥಳದಲ್ಲಿದೆಯೇ ಎಂಬುದನ್ನು ಮೂತ್ರಪರೀಕ್ಷೆ ಹೇಳಲಾರದು. ಅದನ್ನು ತಿಳಿಯಲು ಸ್ಕ್ಯಾನ್ ಬೇಕು.

ಅಪಾಯದ ಲಕ್ಷಣಗಳು

ಫಲಿತ ಅಂಡವು ಗರ್ಭಕೋಶದ ಹೊರಗೆ, ಬಹುತೇಕ ಗರ್ಭನಾಳದಲ್ಲಿ ಬೆಳೆಯುವುದಕ್ಕೆ ಅಪಸ್ಥಾನೀಯ ಗರ್ಭಧಾರಣೆ ಎನ್ನುತ್ತಾರೆ. ಇದರಲ್ಲಿಯೂ ಮುಟ್ಟು ನಿಲ್ಲುತ್ತದೆ, ವಾಕರಿಕೆ ಬರುತ್ತದೆ, ಮೂತ್ರಪರೀಕ್ಷೆ 'ಹೌದು' ಎನ್ನುತ್ತದೆ. ನಾಳ ಒಡೆದರೆ ಒಳರಕ್ತಸ್ರಾವವಾಗಿ ಪ್ರಾಣಾಪಾಯ ಸಂಭವಿಸಬಹುದು. ಕೆಳಹೊಟ್ಟೆಯ ಒಂದು ಪಕ್ಕದಲ್ಲಿ ತೀವ್ರ ನೋವು, ರಕ್ತಸ್ರಾವ, ಭುಜದ ತುದಿಯಲ್ಲಿ ನೋವು, ತಲೆಸುತ್ತು ಅಥವಾ ಮೂರ್ಛೆ ಕಂಡುಬಂದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಕರ್ನಾಟಕದಲ್ಲಿ 108 ಸಂಖ್ಯೆಗೆ ಕರೆಮಾಡಿ ಆಂಬುಲೆನ್ಸ್ ಪಡೆಯಬಹುದು. ನೀರೂ ನಿಲ್ಲದಷ್ಟು ವಾಂತಿ, ಮೂತ್ರ ಕಡಿಮೆಯಾಗುವುದು ಮತ್ತು ತೂಕ ಇಳಿಯುವುದಕ್ಕೂ ಚಿಕಿತ್ಸೆ ಅಗತ್ಯ.

ಬೇಗ ಗುರುತಿಸುವುದರ ಮಹತ್ವ

ಮಗುವಿನ ಮೆದುಳು ಮತ್ತು ಬೆನ್ನುಹುರಿಯಾಗಿ ಬೆಳೆಯುವ ನರನಾಳವು ಫಲೀಕರಣದ ಸುಮಾರು 28 ದಿನಗಳೊಳಗೆ, ಅಂದರೆ ಮುಟ್ಟು ತಪ್ಪಿದ ಎರಡು ವಾರಗಳಷ್ಟರಲ್ಲಿ ಮುಚ್ಚಿಕೊಳ್ಳುತ್ತದೆ. ಇದರ ದೋಷಗಳನ್ನು ತಡೆಯಲು ನೆರವಾಗುವ ಫೋಲಿಕ್ ಆಮ್ಲವನ್ನು (ದಿನಕ್ಕೆ 400 ಮೈಕ್ರೋಗ್ರಾಂ) ಗರ್ಭಧಾರಣೆಗೆ ಮೊದಲೇ ಆರಂಭಿಸುವಂತೆ ವೈದ್ಯರು ಸಲಹೆ ನೀಡುವುದು ಈ ಕಾರಣದಿಂದ. ಅಪಸ್ಮಾರ, ರಕ್ತದೊತ್ತಡ ಮುಂತಾದ ತೊಂದರೆಗಳಿಗೆ ಔಷಧ ಸೇವಿಸುತ್ತಿರುವವರು ಗರ್ಭದ ಅನುಮಾನ ಬಂದೊಡನೆ ವೈದ್ಯರನ್ನು ಕಾಣಬೇಕು. ಔಷಧವನ್ನು ತಾವಾಗಿಯೇ ನಿಲ್ಲಿಸುವುದೂ ಅಪಾಯಕರ.

ಮೊದಲ 12 ವಾರಗಳೊಳಗೆ ಆರೋಗ್ಯ ಕೇಂದ್ರದಲ್ಲಿ ಹೆಸರು ನೋಂದಾಯಿಸಿದರೆ ರಕ್ತಹೀನತೆ, ಮಧುಮೇಹ ಮತ್ತು ಸೋಂಕುಗಳನ್ನು ಬೇಗ ಪತ್ತೆಹಚ್ಚಬಹುದು. ಕರ್ನಾಟಕದಲ್ಲಿ ನೋಂದಾಯಿತ ಗರ್ಭಿಣಿಯರಿಗೆ 'ತಾಯಿ ಕಾರ್ಡ್' ನೀಡಲಾಗುತ್ತದೆ. ಗರ್ಭವನ್ನು ಮುಂದುವರಿಸಲಾಗದ ಸಂದರ್ಭದಲ್ಲಿಯೂ ಕಾಲ ಮುಖ್ಯ. 2021ರಲ್ಲಿ ತಿದ್ದುಪಡಿಯಾದ ವೈದ್ಯಕೀಯ ಗರ್ಭಪಾತ ಕಾಯಿದೆ, 1971ರ ಪ್ರಕಾರ ಕಾನೂನು ಸೂಚಿಸಿದ ಕಾರಣಗಳಿದ್ದಾಗ 20 ವಾರಗಳವರೆಗೆ ಒಬ್ಬ ನೋಂದಾಯಿತ ವೈದ್ಯರ ಅಭಿಪ್ರಾಯ ಸಾಕು. 20ರಿಂದ 24 ವಾರಗಳ ನಡುವೆ ನಿರ್ದಿಷ್ಟ ವರ್ಗದ ಸ್ತ್ರೀಯರಿಗೆ ಮಾತ್ರ, ಇಬ್ಬರು ವೈದ್ಯರ ಅಭಿಪ್ರಾಯದ ಮೇಲೆ ಅವಕಾಶವಿದೆ.