ನರ್ಸಬಾಯಿಯ ಎರಡು ಬರಹ

ಕಂಪ್ಯೂಟರ್ ಎಂದರೆ ನರ್ಸಬಾಯಿಯರಿಗೆ ಆಗದು ಎಂದು ನಮ್ಮ ಮುಚ್ಚಂಡಿಯ ಕಟ್ಟೆಯ ಮೇಲೆ ಮಾತು. ನಾನು ಒಪ್ಪುವುದಿಲ್ಲ. 1993ರ ಒಪ್ಪಂದದ ನಂತರ ಬ್ಯಾಂಕುಗಳಲ್ಲಿ ಕಂಪ್ಯೂಟರ್ ಹೆಚ್ಚಿದಾಗ ನಾವು ಗುಮಾಸ್ತರೂ ಹೆದರಿದ್ದೆವು. ಯಂತ್ರವನ್ನು ಬೇಗ ಕಲಿತೆವು. ಅದೇ ಲೆಕ್ಕವನ್ನು ಲೆಡ್ಜರಿನಲ್ಲಿಯೂ ಬರೆಯುವುದೇ ಬೇಸರ ತಂದಿತು.

ನರ್ಸಬಾಯಿಯ ಸಂಕಟವೂ ಅದೇ. 2009ರಿಂದ ತಾಯಿ-ಮಗುವಿನ ದಾಖಲೆ ಕಂಪ್ಯೂಟರಿಗೆ ಹೋಗತೊಡಗಿತು. 2016ರಲ್ಲಿ ‘ಅನ್‌ಮೋಲ್’ ಟ್ಯಾಬ್ ಬಂತು. ಎಷ್ಟೋ ಕಡೆ ರಿಜಿಸ್ಟರ್ ಹಾಗೆಯೇ ಉಳಿಯಿತು. ಹಗಲೆಲ್ಲ ಲಸಿಕೆ ಹಾಕಿ, ರೇಂಜ್ ಸಿಕ್ಕಾಗ ಮತ್ತೆ ತುಂಬಬೇಕು.

ಆದರೂ ಆ ದಾಖಲೆ ನಮಗೆ ಬೇಕು. ಸೊಸೆ ಚೊಚ್ಚಲ ಹೆರಿಗೆಗೆ ವಿಜಯಪುರದ ಕಡೆಯ ತವರಿಗೆ ಹೊರಟರೆ, ಮರಾಠಿಯಲ್ಲಿ ಬರೆದ ಹೆಸರು ಅಲ್ಲಿ ಬೇರೆಯಾಗಬಹುದು. ಕಾರ್ಡನ್ನು ಗಂಟಿನಲ್ಲಿ ಕಟ್ಟಿಕೊಡಿ, ಆರ್‌ಸಿಎಚ್ ನಂಬರನ್ನು ಅಲ್ಲಿಯ ಬಾಯಿಗೆ ಮೊದಲು ತೋರಿಸಲು ಹೇಳಿ. ಹೊಸದಾಗಿ ಬರೆಸಿದರೆ ಒಬ್ಬಳೇ ತಾಯಿ ಇಬ್ಬರಾಗುತ್ತಾಳೆ, ಕೂಸಿನ ಲಸಿಕೆಯ ಪಾಳಿ ತಪ್ಪೀತು.