ಬುತ್ತಿ ಕಟ್ಟಿಕೊಂಡು ಬರುವ ತಂತ್ರಾಂಶ

ಲಿನಕ್ಸ್ ಜನಕ ಲಿನಸ್ ಟೋರ್ವಾಲ್ಡ್ಸ್ ಅವರಿಗೆ ಸಮುದ್ರದಾಳಕ್ಕಿಳಿಯುವ ಹವ್ಯಾಸ. ಮುಳುಗಿದ ಆಳ, ಹೊತ್ತುಗಳ ಲೆಕ್ಕವಿಡಲು 2011ರಲ್ಲಿ ಅವರು ‘ಸಬ್‌ಸರ್ಫೇಸ್’ ಎಂಬ ತಂತ್ರಾಂಶ ಶುರುಮಾಡಿದರು. 2014ರಲ್ಲಿ ಅಮೆರಿಕದ ಪೋರ್ಟ್‌ಲೆಂಡ್‌ನಲ್ಲಿ ನಡೆದ, ಡೆಬಿಯನ್ ಎಂಬ ಲಿನಕ್ಸ್ ಬಗೆಯ ಸಮಾವೇಶದಲ್ಲಿ ಅದರ ಬಗ್ಗೆ ಅಳಲು ತೋಡಿಕೊಂಡರು. ವಿಂಡೋಸ್‌ಗೂ ಮ್ಯಾಕ್‌ಗೂ ಸಿದ್ಧ ಪ್ಯಾಕೇಜ್ ಕೊಡುತ್ತಿದ್ದ ತಂಡಕ್ಕೆ ಲಿನಕ್ಸ್‌ಗೆ ಕೊಡುವುದೇ ದೊಡ್ಡ ತಲೆನೋವಾಗಿತ್ತು!

ಯಾವ ತಂತ್ರಾಂಶವೂ ಒಂಟಿಯಾಗಿ ಓಡುವುದಿಲ್ಲ. ಚಿತ್ರ ತೋರಿಸಲು, ಸದ್ದು ಹೊರಡಿಸಲು ಬೇರೆಯವರು ಬರೆದಿಟ್ಟ ಕೋಡ್ ಸಂಗ್ರಹಗಳು, ಅಂದರೆ ಲೈಬ್ರರಿಗಳು ಬೇಕು. ವಿಂಡೋಸ್, ಮ್ಯಾಕ್‌ಗಳಲ್ಲಿ ತಂತ್ರಾಂಶ ಇವನ್ನು ಬುತ್ತಿಯಂತೆ ಜೊತೆಗೇ ತರುತ್ತದೆ. ಲಿನಕ್ಸ್‌ನ ಸಂಪ್ರದಾಯ ಬೇರೆ: ವ್ಯವಸ್ಥೆಯಲ್ಲಿರುವ ಲೈಬ್ರರಿಯನ್ನೇ ಎಲ್ಲರೂ ಹಂಚಿಕೊಳ್ಳಬೇಕು. ಈ ಕ್ರಮವನ್ನು ಹಳಿಯುವಂತಿಲ್ಲ. ಒಂದು ಲೈಬ್ರರಿಯ ಭದ್ರತಾ ದೋಷ ಸರಿಪಡಿಸಿದರೆ ಅದನ್ನು ಬಳಸುವ ಎಲ್ಲ ತಂತ್ರಾಂಶಗಳಿಗೂ ರಕ್ಷಣೆ ಸಿಗುತ್ತದೆ. ಆದರೆ ಲಿನಕ್ಸ್‌ನ ಬೇರೆ ಬೇರೆ ಬಗೆಗಳಾದ ಡೆಬಿಯನ್, ಫೆಡೋರಾ, ಉಬುಂಟುಗಳಲ್ಲಿ ಲೈಬ್ರರಿಗಳ ಆವೃತ್ತಿ ಒಂದೇ ಇರುವುದಿಲ್ಲ. ಎಲ್ಲಕ್ಕೂ ತಳಪಾಯವಾದ ಜಿಲಿಬ್‌ಸಿಯ ಹೊಸ ಆವೃತ್ತಿಯ ಮೇಲೆ ಕಟ್ಟಿದ್ದು ಹಳೆಯ ಲಿನಕ್ಸ್‌ನಲ್ಲಿ ತೆರೆಯದೇ ಹೋಗಬಹುದು. ಅದಕ್ಕೇ ಅನುಭವಿಗಳು ಬೇಕೆಂದೇ ಹಳೆಯ ಲಿನಕ್ಸ್ ಮೇಲೆ ಕುಳಿತು ಪ್ಯಾಕೇಜ್ ಕಟ್ಟುತ್ತಾರೆ.

ಆಪ್‌ಇಮೇಜ್, ಫ್ಲಾಟ್‌ಪ್ಯಾಕ್, ಸ್ನ್ಯಾಪ್ ಎಂಬ ಪ್ಯಾಕೇಜ್ ಬಗೆಗಳು ಹುಟ್ಟಿದ್ದು ಈ ಇಕ್ಕಟ್ಟಿನಿಂದ. ಬೇಕಾದ ಲೈಬ್ರರಿಗಳನ್ನೆಲ್ಲ ಒಂದೇ ಕಡತದಲ್ಲಿ ತುಂಬಿಕೊಂಡು, ಇನ್‌ಸ್ಟಾಲ್ ಮಾಡದೆಯೇ ಓಡುವುದು ಆಪ್‌ಇಮೇಜ್. ಸಬ್‌ಸರ್ಫೇಸ್ ಕೂಡ ಕೊನೆಗೆ ಆ ರೂಪದಲ್ಲೇ ಲಿನಕ್ಸ್ ಬಳಕೆದಾರರ ಕೈಸೇರಿತು.

ಆಟಗಳ ಲೋಕ ಇನ್ನೂ ಮುಂದೆ ಹೋಯಿತು. ಸ್ಟೀಮ್ ಎಂಬ ಆಟಗಳ ಆನ್‌ಲೈನ್ ಮಳಿಗೆ ನಡೆಸುವ ವಾಲ್ವ್ ಸಂಸ್ಥೆ 2018ರಲ್ಲಿ ‘ಪ್ರೋಟಾನ್’ ತಂದಿತು. ವಿಂಡೋಸ್ ಆಟ ಕೇಳಿದ್ದನ್ನೆಲ್ಲ ಲಿನಕ್ಸ್‌ಗೆ ತಿಳಿಯುವ ಕರೆಗಳಾಗಿ ಮಾರ್ಪಡಿಸುವ ಪದರವಿದು. 1993ರಿಂದ ಬೆಳೆದುಬಂದ ‘ವೈನ್’ ಯೋಜನೆಯೇ ಇದರ ಬುನಾದಿ. 2022ರಲ್ಲಿ ಬಂದ ಸ್ಟೀಮ್ ಡೆಕ್ ಎಂಬ ಕೈಯಂತ್ರ ಲಿನಕ್ಸ್‌ನಲ್ಲಿ ನಡೆಯುತ್ತದೆ, ಆದರೂ ಅದರಲ್ಲಿ ಓಡುವ ಎಷ್ಟೋ ಆಟಗಳು ವಿಂಡೋಸ್‌ಗಾಗಿ ಕಟ್ಟಿದವು. ಹಾಗಾಗಿ ಲಿನಕ್ಸ್‌ಗೆ ಬೇರೆ ಪ್ಯಾಕೇಜ್ ಮಾಡುವ ಶ್ರಮವನ್ನೇ ಆಟ ಕಟ್ಟುವ ಅನೇಕರು ಬಿಟ್ಟಿದ್ದಾರೆ.

ಮ್ಯಾಕ್‌ನಲ್ಲಿ ಅಡ್ಡಿ ಇನ್ನೊಂದು ಬಗೆಯದು. 2019ರ ಕೆಟಲೀನಾ ಆವೃತ್ತಿ 32 ಬಿಟ್ ತಂತ್ರಾಂಶಗಳನ್ನು ಕೈಬಿಟ್ಟಿತು. ಹಣ ಕೊಟ್ಟು ಕೊಂಡ ಹಳೆಯ ಆಟಗಳು ಒಂದೇ ಅಪ್‌ಡೇಟ್‌ಗೆ ನಿಂತುಹೋದವು. ಅಂತರಜಾಲದಿಂದ ಇಳಿಸಿಕೊಂಡ ತಂತ್ರಾಂಶಕ್ಕೆ ಆಪಲ್‌ನ ತಪಾಸಣೆಯ ಮೊಹರಿಲ್ಲದಿದ್ದರೆ ಎಚ್ಚರಿಕೆ ಮೂಡಿ, ತೆರೆಯಲು ತಡೆಯಾಗುತ್ತದೆ. ಮೊಹರು ಪಡೆಯಲು ವರ್ಷಕ್ಕೆ 99 ಡಾಲರ್ ಸದಸ್ಯತ್ವ ಬೇಕು. ಕಂಪನಿಗೆ ಇದು ಚಿಲ್ಲರೆ. ಉಚಿತವಾಗಿ ಆಟ ಹಂಚಹೊರಟ ವಿದ್ಯಾರ್ಥಿಗೆ ಮಾತ್ರ ನಿಜವಾದ ಹೊರೆ.

ಕನ್ನಡದಲ್ಲಿ ಆಟ ಮಾಡುವವರ ಬುತ್ತಿಗೆ ಮತ್ತೊಂದು ವಸ್ತು ಸೇರಬೇಕು: ಒತ್ತಕ್ಷರ, ಗುಣಿತಗಳನ್ನು ಸರಿಯಾಗಿ ಜೋಡಿಸುವ ಯಂತ್ರ. ಗೋಡೋ ಎಂಬ ಮುಕ್ತ ಗೇಮ್ ಎಂಜಿನ್‌ನ 3ನೇ ಆವೃತ್ತಿಯಲ್ಲಿ ಅದಿರಲಿಲ್ಲ, ಪದಗಳು ಒಡೆದು ಕಾಣುತ್ತಿದ್ದವು. 2023ರ 4ನೇ ಆವೃತ್ತಿ ಅಂಥ ಯಂತ್ರವಾದ ‘ಹಾರ್ಫ್‌ಬಝ್’ ಅನ್ನು ಅಳವಡಿಸಿಕೊಂಡಿತು. ಅದರೊಂದಿಗೆ ನೋಟೊ ಸಾನ್ಸ್ ಕನ್ನಡದಂಥ ಮುಕ್ತ ಫಾಂಟನ್ನೂ ಪ್ಯಾಕೇಜಿನೊಳಗೇ ಇಟ್ಟರೆ, ಕನ್ನಡ ಫಾಂಟೇ ಇಲ್ಲದ ಕಂಪ್ಯೂಟರಿನಲ್ಲೂ ಅಕ್ಷರಗಳು ನೆಟ್ಟಗೆ ಮೂಡುತ್ತವೆ.