ಹಲ್ಲಿಗೊಂದು ಅಣಸು

ರೂಟ್ ಕೆನಾಲ್ ಮುಗಿಸಿ ಕಳಿಸುವಾಗ ಡಾಕ್ಟರಮ್ಮ ಹೇಳಿದ್ದರು: "ಹದಿನೈದು ದಿನದೊಳಗೆ ಬಂದು ಕ್ಯಾಪ್ ಹಾಕಿಸ್ಕೊಂಡುಬಿಡಿ." ನೋವು ಹೋಗಿತ್ತು, ಜೇಬೂ ಹಗುರಾಗಿತ್ತು. ಹದಿನೈದು ದಿನ ಎಂಟು ತಿಂಗಳಾಯಿತು. ಕೊನೆಗೆ ಆ ದವಡೆ ಹಲ್ಲು ಸೀಳಿದ್ದು ನಿಪ್ಪಟ್ಟಿಗಲ್ಲ, ಕೋಡುಬಳೆಗೂ ಅಲ್ಲ. ಚಿತ್ರಾನ್ನದ ಒಗ್ಗರಣೆಯಲ್ಲಿದ್ದ ಒಂದು ಕಡಲೆಬೇಳೆಗೆ. ಟಕ್ ಎಂದಿತು, ಅಷ್ಟೆ. ನರ ಮೊದಲೇ ತೆಗೆದಿದ್ದರಿಂದ ನೋಯಲೂ ಇಲ್ಲ.

ನರ ತೆಗೆದ ಹಲ್ಲು ಒಣಗಿ ಪುಡಿಪುಡಿಯಾಗುತ್ತದೆ ಎಂದು ಬಹಳ ಜನ ನಂಬಿದ್ದಾರೆ. ಆದರೆ ಅಸಲು ಕಾರಣ ಅದಲ್ಲ. 1989ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಕಿತ್ತ ಹಲ್ಲುಗಳನ್ನು ಹಂತಹಂತವಾಗಿ ಕೊರೆದು, ಪ್ರತಿ ಹಂತದಲ್ಲೂ ಅವುಗಳ ಬಿಗಿತ ಅಳೆದು ನೋಡಿದರು. ಬೇರಿನ ಚಿಕಿತ್ಸೆಗೆಂದು ಕೊರೆದಾಗ ಕಳೆದುಹೋದ ಬಿಗಿತ ಸುಮಾರು ಶೇ. 5 ಮಾತ್ರ. ಹುಳುಕು ತೆಗೆಯುವಾಗ ಆಗುವಂತೆ ಹಲ್ಲಿನ ಹಿಂದು ಮುಂದಿನ ಅಂಚುಗಳನ್ನೂ ಕತ್ತರಿಸಿದಾಗ ಹೋದದ್ದು ಸುಮಾರು ಶೇ. 63! ಅಂದರೆ ಹಲ್ಲನ್ನು ದುರ್ಬಲ ಮಾಡುವುದು ಸುತ್ತಲ ಗೋಡೆಯ ನಷ್ಟ. ಗೋಡೆ ಹೋದ ಮೇಲೆ ಉಳಿಯುವುದು ಎದುರುಬದುರು ನಿಂತ ಎರಡು ತೆಳು ಗುಡ್ಡಗಳು. ನಡುವೆ ಸಿಕ್ಕ ಕಾಳು ಸೌದೆ ಸೀಳುವವರ ಬೆಣೆಯಂತೆ ಕೆಲಸ ಮಾಡುತ್ತದೆ. ದವಡೆ ಹಲ್ಲುಗಳು ಬಲವಾಗಿ ಕಚ್ಚಿದರೆ ಬೀಳುವ ಒತ್ತಡ ಐವತ್ತು ಕಿಲೋ ತೂಕಕ್ಕೂ ಮಿಗಿಲು.

ಇದಕ್ಕೆ ಮದ್ದು ನಮ್ಮ ಅಜ್ಜಿಯರಿಗೆ ಗೊತ್ತಿತ್ತು, ಒನಕೆಯ ವಿಷಯದಲ್ಲಿ. ಕುಟ್ಟಿ ಕುಟ್ಟಿ ಮರ ಸೀಳದಿರಲೆಂದು ಒನಕೆಯ ತುದಿಗೆ ಕಬ್ಬಿಣದ ಬಳೆ ಹಾಕಿಸುತ್ತಿದ್ದರು, ಅದೇ ಅಣಸು. ಕ್ಯಾಪ್ ಎಂದರೆ ಮುಚ್ಚಳ ಎಂದುಕೊಳ್ಳುತ್ತೇವೆ, ಆದರೆ ಅದರ ಮುಖ್ಯ ಕೆಲಸ ಅಣಸಿನದು: ಉಳಿದ ಗೋಡೆಗಳನ್ನು ಸುತ್ತಲಿಂದ ಅಪ್ಪಿ ಹಿಡಿಯುವುದು. ದಂತವೈದ್ಯರು ಈ ಹಿಡಿತಕ್ಕೆ ಫೆರೂಲ್ ಎನ್ನುತ್ತಾರೆ, ಅಣಸಿನದೇ ಇಂಗ್ಲಿಷ್ ಹೆಸರು. ವಸಡಿನ ಮೇಲೆ ಸುತ್ತಲೂ ಒಂದೂವರೆ, ಎರಡು ಮಿಲಿಮೀಟರ್ ಗಟ್ಟಿ ಹಲ್ಲು ಉಳಿದಿದ್ದರೆ ಹಿಡಿತ ಚೆನ್ನಾಗಿ ಕೂರುತ್ತದೆ. ಸೀಳು ಬೇರಿನ ಆಳಕ್ಕೆ ಇಳಿದರೆ ಹಲ್ಲು ಕೀಳಿಸುವುದೇ ಗತಿ. ನನ್ನದು ಅಷ್ಟು ಇಳಿದಿರಲಿಲ್ಲ.

ಕ್ಯಾಪಿಗೆ ಜಾಗ ಬೇಕಲ್ಲ, ಅದಕ್ಕೆ ಹಲ್ಲನ್ನು ತೇಯುತ್ತಾರೆ: ಮೇಲ್ಗಡೆ ಒಂದೂವರೆ, ಎರಡು ಮಿಲಿಮೀಟರ್, ಸುತ್ತ ಅದಕ್ಕಿಂತ ಕಡಿಮೆ. ಹೀಗೆ ತೇಯ್ದ ಎನಾಮೆಲ್ ಮತ್ತೆ ಬೆಳೆಯುವುದಿಲ್ಲ. ಅದನ್ನು ಕಟ್ಟುವ ಜೀವಕೋಶಗಳು ಹಲ್ಲು ಮೂಡುವ ಹೊತ್ತಿಗೇ ಅಳಿದಿರುತ್ತವೆ. ಹಾಗಾಗಿ ಬರೀ ಚೆಂದಕ್ಕಾಗಿ ಆರೋಗ್ಯವಂತ ಹಲ್ಲು ತೇಯಿಸಿ ಕ್ಯಾಪ್ ಹಾಕಿಸುವುದು ನನ್ನ ಮಟ್ಟಿಗೆ ಅವಿವೇಕ.

ಡೆಟ್ರಾಯಿಟ್‌ನ ದಂತವೈದ್ಯ ಚಾರ್ಲ್ಸ್ ಲ್ಯಾಂಡ್ 1889ರಲ್ಲಿ ಪಿಂಗಾಣಿ ಕ್ಯಾಪಿಗೆ ಪೇಟೆಂಟ್ ಪಡೆದರು. (1927ರಲ್ಲಿ ಒಬ್ಬನೇ ವಿಮಾನದಲ್ಲಿ ಅಟ್ಲಾಂಟಿಕ್ ಸಾಗರ ದಾಟಿದ ಲಿಂಡ್‌ಬರ್ಗ್ ಇವರ ಮಗಳ ಮಗ.) ಪಿಂಗಾಣಿ ನೋಡಲು ಚೆಂದ, ಆದರೆ ಬಿರುಕು ಬಿಡುವ ಜಾತಿ. ಇಂದು ದವಡೆ ಹಲ್ಲಿಗೆ ಹೆಚ್ಚಾಗಿ ಹಾಕುವ ಜಿರ್ಕೋನಿಯಾದ ಸ್ವಭಾವವೇ ಬೇರೆ. ಅದರ ಹರಳುಗಳು ಕುಲುಮೆಯ ಬಿಸಿಯಲ್ಲಿ ಒಂದು ರೂಪದಲ್ಲಿರುತ್ತವೆ, ತಣಿದಾಗ ಇನ್ನೊಂದು ರೂಪಕ್ಕೆ ತಿರುಗಿ ಶೇ. 4ರಷ್ಟು ಉಬ್ಬುತ್ತವೆ. ಶುದ್ಧ ಜಿರ್ಕೋನಿಯಾ ಈ ಉಬ್ಬಿಗೇ ಒಡೆದು ಚೂರಾಗುತ್ತದೆ. ಸ್ವಲ್ಪ ಇಟ್ರಿಯಾ (ಇಟ್ರಿಯಂ ಲೋಹದ ಆಕ್ಸೈಡ್) ಬೆರೆಸಿದರೆ ಹರಳುಗಳು ತಣಿದ ಮೇಲೂ ಬಿಸಿಯ ರೂಪದಲ್ಲೇ ಕಾದು ಕೂರುತ್ತವೆ. ಎಲ್ಲಾದರೂ ಬಿರುಕು ಹೊರಟರೆ ಅದರ ತುದಿಯ ಸೆಳೆತಕ್ಕೆ ಅಕ್ಕಪಕ್ಕದ ಹರಳುಗಳು ಥಟ್ಟನೆ ರೂಪ ಬದಲಿಸಿ ಉಬ್ಬಿ, ಬಿರುಕನ್ನು ಒತ್ತಿ ತಡೆಯುತ್ತವೆ. 1975ರಲ್ಲಿ ಆಸ್ಟ್ರೇಲಿಯಾದ ಗಾರ್ವಿ ಮತ್ತು ಸಂಗಡಿಗರು ಜಿರ್ಕೋನಿಯಾದ ಈ ಗುಣವನ್ನು 'ನೇಚರ್' ಪತ್ರಿಕೆಯಲ್ಲಿ ವಿವರಿಸಿದಾಗ ಶೀರ್ಷಿಕೆಯಲ್ಲೇ 'ಸೆರಾಮಿಕ್ ಉಕ್ಕೇ?' ಎಂದು ಕೇಳಿದ್ದರು.

ಇಟ್ರಿಯಾ ಇನ್ನೂ ಹೆಚ್ಚು ಬೆರೆಸಿದರೆ ಹರಳು ಮೂರನೆಯದೊಂದು ರೂಪ ತಾಳಿ ಪಾರದರ್ಶಕವಾಗುತ್ತದೆ, ಉಬ್ಬುವ ವಿದ್ಯೆ ಮರೆಯುತ್ತದೆ. ಓಲೆ, ಮೂಗುಬೊಟ್ಟುಗಳಲ್ಲಿ ಹೊಳೆಯುವ 'ಅಮೆರಿಕನ್ ಡೈಮಂಡ್' ಇದೇ! ಮುಂದಿನ ಹಲ್ಲಿಗೆ ಹಾಕುವ ಬೆಳಕು ಸೂಸುವ ಜಿರ್ಕೋನಿಯಾ ಇವೆರಡರ ನಡುವಿನದು. ಚೆಲುವು ಹೆಚ್ಚು, ಗಟ್ಟಿತನ ತುಸು ಕಡಿಮೆ.

ಮಾಡುವ ಬಗೆ ಕುಂಬಾರರಿಗೆ ಚೆನ್ನಾಗಿ ಅರ್ಥವಾಗುತ್ತದೆ. ಬೆಂದ ಜಿರ್ಕೋನಿಯಾವನ್ನು ಕೊರೆಯುವುದು ಬಲು ಕಷ್ಟ. ಆದ್ದರಿಂದ ಸೀಮೆಸುಣ್ಣದಂತೆ ಮೆತ್ತಗಿರುವಾಗಲೇ ಯಂತ್ರ ಅದನ್ನು ಹಲ್ಲಿನ ಆಕಾರಕ್ಕೆ ಕೊರೆಯುತ್ತದೆ, ಬೇಕಾದ ಅಳತೆಗಿಂತ ಐದನೇ ಒಂದು ಪಾಲಿನಷ್ಟು ದೊಡ್ಡದಾಗಿ. ಸುಮಾರು 1500 ಡಿಗ್ರಿ ಸೆಲ್ಸಿಯಸ್ ಕುಲುಮೆಯಲ್ಲಿ ಬೆಂದಾಗ ಅದು ಕುಗ್ಗಿ ಸರಿಯಾದ ಅಳತೆಗೆ ಬರುತ್ತದೆ.

ಕ್ಯಾಪಿಗೆ ಹುಳುಕು ಹಿಡಿಯುವುದಿಲ್ಲ. ಅದರ ಅಂಚು ಮುಗಿದು ಹಲ್ಲು ಶುರುವಾಗುವ ಗೆರೆಯಲ್ಲಿ, ವಸಡಿನ ಬುಡದಲ್ಲಿ, ಹಿಡಿಯುತ್ತದೆ. ನರ ತೆಗೆದ ಹಲ್ಲಾದರೆ ನೋವಿನ ಎಚ್ಚರಿಕೆಯೂ ಇರುವುದಿಲ್ಲ. ಬ್ರಷ್ ಆ ಗೆರೆಯವರೆಗೆ ಹೋಗಲಿ, ಸಂದಿಗೆ ದಾರವೂ ಹೋಗಲಿ. ಇನ್ನು ರೂಟ್ ಕೆನಾಲ್ ಮಾಡಿಸಿ ಕ್ಯಾಪನ್ನು ಮುಂದಿನ ತಿಂಗಳಿಗೆ ತಳ್ಳಿದವರಿದ್ದರೆ, ಈ ವಾರವೇ ಹೋಗಿ ಬನ್ನಿ. ಅಲ್ಲಿಯವರೆಗೆ ಚಿತ್ರಾನ್ನವನ್ನು ಇನ್ನೊಂದು ಕಡೆಯ ದವಡೆಯಲ್ಲಿ ಅಗಿಯಿರಿ.